ಗಚ್ಚಿನ ಮೇಲೆ ಮಣ್ಣು

ಮಳೆಯನ್ನು ಹೊಗಳಿ ಬರೆದವರೆಲ್ಲ ಸೋರದ ಮನೆಯಲ್ಲಿ ಕೂತು ಬರೆದವರು ಎಂಬುದು ನನ್ನ ಬಹುದಿನದ ಗುಮಾನಿ. ಮಣ್ಣಿನ ಮಾಳಿಗೆಯ ಕೆಳಗೆ ಬಾಳುವವನಿಗೆ ಮೋಡ ಕಂಡರೆ ನವಿಲಿನ ನೆನಪು ಬರುವುದಿಲ್ಲ, ಬೋಗುಣಿಯ ನೆನಪು ಬರುತ್ತದೆ. ಇಳಕಲ್ಲಿನ ನಮ್ಮ ಮನೆಯಲ್ಲಿ ಯಾವ ಹನಿಗೆ ಯಾವ ಪಾತ್ರೆ ಎಂಬುದು ಅಜ್ಜನ ಕಾಲದಿಂದಲೇ ಗೊತ್ತುಪಡಿಸಿ ಹೋಗಿತ್ತು. ನಡುಮನೆಯ ತೊಲೆಯ ಕೆಳಗೆ ತಾಮ್ರದ ಪರಾತ, ದೇವರ ಜಗಲಿಯ ಹತ್ತಿರ ಹಿತ್ತಾಳೆಯ ತಂಬಿಗೆ. ನಾನು ಮಲಗುವ ಮೂಲೆಯಲ್ಲಿ ಮಾತ್ರ ಹನಿ ಬೀಳುವ ಜಾಗ ವರ್ಷವರ್ಷವೂ ಬದಲಾಗುತ್ತಿದ್ದುದರಿಂದ ಅಲ್ಲಿಗೆ ಯಾವ ಪಾತ್ರೆಯೂ ಗೊತ್ತಾಗಿರಲಿಲ್ಲ. ಅಲ್ಲಿ ನಾನೇ ಪಾತ್ರೆ. ಮಳೆಗಾಲದಲ್ಲಿ ನೆಂಟರು ಬಂದರೆ ಅವರಿಗೆ ಹಾಸಿಗೆ ಹಾಸುವ ಮೊದಲು ನನ್ನ ಹೆಂಡತಿ ಗಂಗವ್ವ ಒಂದು ಗಳಿಗೆ ಮೇಲೆ ನೋಡುತ್ತ ನಿಲ್ಲುತ್ತಿದ್ದಳು. ದೇವರನ್ನು ನೆನೆಯುತ್ತಿದ್ದಾಳೆಂದು ಅವರು ತಿಳಿಯುತ್ತಿದ್ದರು.

ಇದರಲ್ಲಿ ನಾಚಿಕೆಯ ಸಂಗತಿಯೆಂದರೆ ನಾನು ಮೋಜಣಿ ಖಾತೆಯವನು. ಹುನಗುಂದ, ಬಾದಾಮಿ ತಾಲೂಕುಗಳ ಹೊಲಗಳನ್ನು ಸರಪಳಿ ಹಿಡಿದು ಅಳೆದು, ಬಾಂದುಗಲ್ಲು ನೆಡಿಸಿ, ಇದು ನಿನ್ನದು, ಅದು ಅವನದು ಎಂದು ಹೇಳುವುದು ನನ್ನ ಹೊಟ್ಟೆಪಾಡು. ಯಾವ ನೆಲ ಎತ್ತ ವಾಲಿದೆ, ಯಾರ ಹೊಲದ ನೀರು ಯಾರ ಒಡ್ಡಿನ ಮೇಲೆ ಹಾಯುತ್ತದೆ ಎಂಬುದನ್ನು ನಾನು ನಿಂತ ನಿಲುವಿನಲ್ಲಿ ಹೇಳಬಲ್ಲೆನೆಂದು ಮೇಲಿನವರೂ ಒಪ್ಪಿಕೊಂಡಿದ್ದಾರೆ. ಆದರೆ ಕೆಂಡದಂಥ ಬಿಸಿಲಲ್ಲಿ ಊರೂರು ತಿರುಗಿ ಬೇರೆಯವರ ನೆಲ ನೋಡಿದ್ದೇ ಬಂತು. ಸ್ವಂತ ಮಾಳಿಗೆಯನ್ನು ಆ ಕಣ್ಣಿನಿಂದ ಒಂದು ದಿನವೂ ನೋಡಿದವನಲ್ಲ. ಅಳತೆ ಮಾಡುವವನಿಗೆ ತನ್ನ ಮನೆಗೆ ಬಂದ ಕೂಡಲೇ ಮೊದಲು ಕಳಚಿಡಬೇಕೆನಿಸುವುದು ಕಾಲಿನ ಜೋಡು, ಆಮೇಲೆ ಬುದ್ಧಿ.

ನಮ್ಮ ಓಣಿಯ ಮನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ನಡುವಿನ ಗೋಡೆ ಒಂದೇ, ಮಾಳಿಗೆಯೂ ಹೆಚ್ಚುಕಡಿಮೆ ಒಂದೇ. ಮೇಲೆ ಹಪ್ಪಳ ಒಣಹಾಕಿದ ಹೆಣ್ಣುಮಕ್ಕಳು ಓಣಿಯ ಈ ತುದಿಯಿಂದ ಆ ತುದಿಗೆ ಕೆಳಗಿಳಿಯದೆಯೇ ಹೋಗಿ, ಸುದ್ದಿ ಕೊಟ್ಟು, ಸುದ್ದಿ ತಂದು ಬರಬಹುದು. ಮಿರಗದ ಮಳೆ, ಅಂದರೆ ಮೃಗಶಿರೆ, ಕೂಡುವ ಮೊದಲು ಹಳ್ಳದ ದಂಡೆಯಿಂದ ಕತ್ತೆಗಳ ಮೇಲೆ ಸವಳು ಮಣ್ಣು ಬರುತ್ತದೆ. ಅದನ್ನು ಮಾಳಿಗೆಯ ಮೇಲೆ ಹರವಿ, ನೀರು ಚಿಮುಕಿಸಿ, ತುಳಿದು ತುಳಿದು ಗಟ್ಟಿ ಮಾಡಬೇಕು. ಆಗ ಬೇಸಿಗೆಯಲ್ಲಿ ಬಾಯಿಬಿಟ್ಟ ಬಿರುಕುಗಳೆಲ್ಲ ಮುಚ್ಚುತ್ತವೆ. ಇದು ಒಬ್ಬರ ಕಾಲಿನಿಂದ ಆಗುವ ಕೆಲಸವಲ್ಲ. ಅದಕ್ಕೇ ನಮ್ಮಲ್ಲಿ ಮುಯ್ಯಿ ಇದೆ: ಇವತ್ತು ಓಣಿಯವರೆಲ್ಲ ನಿಮ್ಮ ಮಾಳಿಗೆ ತುಳಿದರೆ ನಾಳೆ ನೀವು ಅವರೆಲ್ಲರ ಮಾಳಿಗೆ ತುಳಿಯಬೇಕು.

ಏರ್ಪಾಡಿನಲ್ಲಿ ದೋಷವಿಲ್ಲ. ದೋಷವಿದ್ದದ್ದು ನನ್ನ ಕಾಲುಗಳಲ್ಲಿ. ಹಿಂದಿನ ದಿನವಷ್ಟೇ ರೈತರಿಂದ ಸಾಹೇಬರೆನಿಸಿಕೊಂಡು ಬಂದ ಮನುಷ್ಯ ಧೋತರವನ್ನು ಮೊಣಕಾಲ ಮೇಲಕ್ಕೆ ಕಟ್ಟಿ, ಓಣಿಯ ಹೆಂಗಸರು ಕೆಳಗಿಂದ ನೋಡುತ್ತಿರುವಾಗ ಕೆಸರಿನಲ್ಲಿ ಕುಣಿಯುವುದೆಂದರೆ ಸಾಮಾನ್ಯವೇ? ನಾನು ಮಣ್ಣಿಗೆ ನೋವಾದೀತೆಂಬಂತೆ ಒಂದೊಂದೇ ಹೆಜ್ಜೆ ಎತ್ತಿ ಇಡುತ್ತಿದ್ದೆ. ಪಕ್ಕದ ಮನೆಯ ಇಮಾಮಸಾಬ ಅದಕ್ಕೆ ಕೊಕ್ಕರಿ ತುಳಿತ ಎಂದು ಹೆಸರಿಟ್ಟಿದ್ದ. ಇಮಾಮಸಾಬ ನೇಕಾರ. ನಾವಿಬ್ಬರೂ ಒಂದೇ ಓಣಿಯ ಧೂಳಿನಲ್ಲಿ ಆಡಿ ಬೆಳೆದವರು. ಅವನ ಕುಣಿಮಗ್ಗ ನಮ್ಮಿಬ್ಬರ ನಡುವಿನ ಗೋಡೆಗೆ ಒತ್ತಿಕೊಂಡೇ ಇದೆ. ಅವನು ಕುಣಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುವ ಸದ್ದು ನಮ್ಮ ಮನೆಯಲ್ಲಿ ಬೆಳಗಿನಿಂದ ದೀಪ ಹಚ್ಚುವವರೆಗೂ ಕೇಳುತ್ತದೆ. ಆ ಸದ್ದಿಗೆ ನಾವು ಎಷ್ಟು ಹೊಂದಿಕೊಂಡಿದ್ದೇವೆಂದರೆ, ಅದು ಕೇಳಿಸುತ್ತದೆ ಎಂಬುದೇ ನಮಗೆ ಗೊತ್ತಿರಲಿಲ್ಲ.

ಹೀಗಿರುವಾಗ ಕೆಲಸದ ಮೇಲೆ ಬಾಗಲಕೋಟೆಗೆ ಹೋದವನು ಅಲ್ಲಿ ಒಬ್ಬ ಅರಳೆ ವ್ಯಾಪಾರಿಯ ವಾಡೆಯಲ್ಲಿ ಇಳಿದುಕೊಂಡೆ. ಮಧ್ಯಾಹ್ನ ಊಟ ಮುಗಿಸಿ ಕೂತಿದ್ದಾಗ ಒಂದು ಅಡ್ಡಮಳೆ ಹೊಡೆಯಿತು. ನಾನು ರೂಢಿಯಂತೆ ಕೂತಲ್ಲಿಂದ ಒಂದು ಮಾರು ಪಕ್ಕಕ್ಕೆ ಸರಿದೆ. "ಯಾಕ್ರೀ, ಇರಿವಿ ಏನರ ಕಡೀತೇನು?" ಎಂದು ವ್ಯಾಪಾರಿ ಕೇಳಿದರು. ಹನಿ ಬಿದ್ದೀತೆಂದು ಸರಿದೆ ಎಂದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಗಚ್ಚಿನ ಮಾಳಗಿ ಐತ್ರಿ ಇದು. ನಮ್ಮಪ್ಪ ಮಾಡ್ಸಿದ್ದು. ಒಂದ ಹನಿ ಇಳದಿಲ್ಲ ಇವತ್ತಿನ ಮಟಾ," ಎಂದು ಮೇಲೆ ಕರೆದೊಯ್ದು ತೋರಿಸಿದರು. ಸುಣ್ಣ, ಉಸುಕು, ಇಟ್ಟಿಗೆಯ ಚೂರು ಕೂಡಿಸಿ ಬಡಿದು ಮಾಡಿದ ಆ ಮಾಳಿಗೆ ಕಂಚಿನ ತಾಟಿನ ಹಾಗೆ ನುಣುಪಾಗಿತ್ತು. ನೀರು ನಿಲ್ಲದೆ ಜಾರಿ ಹೋಗುತ್ತಿತ್ತು. ರೈಲು ಹಾದಿಯ ಮೋರಿಗಳಿಗೆ ಈಗ ವಿಲಾಯತಿಯಿಂದ ಪೀಪಾಯಿಗಳಲ್ಲಿ ಸಿಮೆಂಟು ಎಂಬ ಬೂದಿ ಬರುತ್ತದಂತೆ, ಅದು ನೀರು ಕುಡಿದು ಕಲ್ಲಾಗುತ್ತದಂತೆ. ಅದು ಸರಕಾರಕ್ಕಾಯಿತು. ನನ್ನಂಥವನಿಗೆ ಗಚ್ಚೇ ಕೈಲಾಸ ಎಂದು ಆ ಮಾಳಿಗೆಯ ಮೇಲೆ ನಿಂತೇ ನಿರ್ಧಾರ ಮಾಡಿದೆ. ಗಚ್ಚಾದರೆ ಸೋರುವುದಿಲ್ಲ, ಸೋರದಿದ್ದರೆ ಮಣ್ಣು ಬೇಡ, ಮಣ್ಣು ಬೇಡವಾದರೆ ಮುಯ್ಯಿಯೂ ಬೇಡ. ಖರೆ ಹೇಳಬೇಕೆಂದರೆ ಈ ಮೂರನೆಯದೇ ನನಗೆ ಎಲ್ಲಕ್ಕಿಂತ ಹಿತವಾಗಿ ಕಂಡಿತು.

"ಗಚ್ಚು ಮಾಡ್ಸೋಣು," ಎಂದೆ ಊರಿಗೆ ಬಂದವನೇ.

"ಎದಕ್ಕ?" ಎಂದಳು ಗಂಗವ್ವ.

"ಸೋರೂದಿಲ್ಲ."

"ಈಗೇನ ಅಷ್ಟ ಸೋರ್ತೇತಿ? ನಿಮ್ಮ ಮೂಲ್ಯಾಗ ಅಷ್ಟ," ಎಂದಳು. ಸಂಸಾರದಲ್ಲಿ ಕಷ್ಟವನ್ನು ಹಂಚಿಕೊಳ್ಳುವುದೆಂದರೆ ಹೀಗೆ.

ಗಚ್ಚಿನ ಕೆಲಸ ನೋಡಿದವರಿಗೇ ಗೊತ್ತು. ಸುಣ್ಣವನ್ನು ಎತ್ತು ಕಟ್ಟಿದ ಘಾಣಿಯಲ್ಲಿ ಅರೆಯಬೇಕು. ಅಳಲೆಕಾಯಿ ಕುಟ್ಟಿ ನೆನೆಹಾಕಿದ ನೀರು ಬೇಕು, ಬೆಲ್ಲದ ನೀರು ಬೇಕು. ಗೌಂಡಿ ಬಂದು ಬೆಲ್ಲದ ಪೆಂಟೆಗಳನ್ನು ಹರವಿಯಲ್ಲಿ ಕರಗಿಸಲು ಹಾಕಿದಾಗ ಗಂಗವ್ವನ ಮುಖ ನೋಡಬೇಕಿತ್ತು. "ಹಬ್ಬಕ್ಕ ಹೋಳಗಿ ಮಾಡ್ತೇನಂದ್ರ ಬೆಲ್ಲಾ ಭಾಳ ತುಟ್ಟಿ ಅಂತೀರಿ. ಮಾಳಗಿಗೆ ಹೋಳಗಿ ಮಾಡಿ ಉಣ್ಣಿಸಾಕ ಹತ್ತೀರಲ್ಲ!" ಎಂದಳು. ಆಮೇಲೆ ಹೆಣ್ಣಾಳುಗಳು ಸಾಲಾಗಿ ಕುಳಿತು, ಕಟ್ಟಿಗೆಯ ಬಡಿಗೆಗಳಿಂದ ಗಚ್ಚು ಬಡಿಯಲು ಹತ್ತಿದರು. ಬಡಿಯುತ್ತ ಹಾಡುತ್ತಿದ್ದರು. ಹಾಡಿನಲ್ಲಿ ಮನೆಯ ಯಜಮಾನನ ಹೊಟ್ಟೆಯ ವಿಚಾರ, ಜಿಪುಣತನದ ವಿಚಾರ ಧಾರಾಳವಾಗಿ ಬರುತ್ತಿತ್ತು. ಗಚ್ಚಿಗಿಂತ ಹೆಚ್ಚು ಪೆಟ್ಟು ತಿಂದವನು ನಾನು. ಬೆಲ್ಲದ ವಾಸನೆಗೆ ಓಣಿಯ ಇರುವೆಗಳೆಲ್ಲ ಮಾಳಿಗೆಗೆ ದಿಬ್ಬಣ ಬಂದವು. ಅಂಚು ಕಟ್ಟುವಾಗ ಗೌಂಡಿ, "ನೀರು ಎತ್ತಾಗ ಬಿಡೂದ್ರಿ ಸಾಹೇಬ್ರ?" ಎಂದು ಕೇಳಿದ. ಓಣಿಯ ಮೇಲುಗಡೆಯ ಮನೆಯವರ ಮಾಳಿಗೆಯಿಂದ ಇಳಿದದ್ದೂ ಸೇರಿ ನಮ್ಮ ಮಾಳಿಗೆಯ ನೀರು ನಡುವಿನ ಕಿರುಗೋಡೆಯ ಒಂದು ಕಿಂಡಿಯಿಂದ ಇಮಾಮಸಾಬನ ಮಾಳಿಗೆಗೆ ಇಳಿದು, ಅವನ ಅಂಚಿನಿಂದ ಚಾಚಿದ ಕಲ್ಲಿನ ದೋಣಿಯಿಂದ ಓಣಿಗೆ ಬೀಳುವುದು ಅಜ್ಜಂದಿರ ಕಾಲದ ರೂಢಿ. "ಮೊದಲ ಎತ್ತಾಗ ಹೋಗತಿತ್ತು, ಅತ್ತಾಗ ಬಿಡು," ಎಂದೆ. ಮೋಜಣಿಯವನ ಮಾತಿಗೆ ಗೌಂಡಿ ಎದುರಾಡಿಯಾನೇ?

ಗಚ್ಚು ಒಣಗಿ, ನುಣುಪುಗಲ್ಲಿನಿಂದ ಉಜ್ಜಿಸಿಕೊಂಡು ಹೊಳೆಯತೊಡಗಿತು. ಅಷ್ಟರಲ್ಲಿ ಮುಯ್ಯಿಯ ದಿನಗಳು ಬಂದವು. ನಾನು ಯಾರ ಮಾಳಿಗೆಗೂ ಹೋಗಲಿಲ್ಲ. ಮುಯ್ಯಿ ತಗೊಳ್ಳದವನು ಕೊಡಬೇಕಾಗಿಲ್ಲವಲ್ಲ, ಲೆಕ್ಕ ಸರಿಯಾಗಿಯೇ ಇತ್ತು. ಆದರೂ ನಮ್ಮ ಮನೆಯ ಸರದಿಯ ದಿನ ಓಣಿಯವರು ರೂಢಿಯಂತೆ ಬಂದೇ ಬಂದರು. ಮೇಲೆ ಹತ್ತಿ ಗಚ್ಚು ನೋಡಿ, ಏನು ಮಾಡುವುದೆಂದು ತಿಳಿಯದೆ, ಧೋತರ ಎತ್ತಿ ಕಟ್ಟಿದವರು ಹಾಗೆಯೇ ನಿಂತರು. ಇಮಾಮಸಾಬ ಬಗ್ಗಿ ಗಚ್ಚಿನ ಮೇಲೆ ಕೈಯಾಡಿಸಿ, "ಪುಣ್ಯಾವಂತ್ರು ಬಿಡ್ರಿ ಚನ್ನಪ್ಪಣ್ಣಾ. ಇನ್ನ ನಿಮಗ ನಮ್ಮ ಕಾಲು ಬ್ಯಾಡಾದ್ವು," ಎಂದ. ಕೊಂಕಿನಿಂದ ಹೇಳಿದ್ದಲ್ಲ. ನಾನು ಹಿಗ್ಗಿ, ಎಲ್ಲರಿಗೂ ಬೆಲ್ಲ ಕೊಡಿಸಬೇಕೆಂದೆ. ಮನೆಯಲ್ಲಿ ಬೆಲ್ಲ ಉಳಿದಿರಲಿಲ್ಲ.

ಮಿರಗ ಕೂಡಿತು. ಮೊದಲು ಸಣ್ಣಗೆ ಜಿನುಗಿ, ಮರುವಾರ ಜಡಿಮಳೆಯೇ ಹಿಡಿಯಿತು. ನಮ್ಮ ಮನೆಯಲ್ಲಿ ಒಂದು ಹನಿ ಇಲ್ಲ. ಪರಾತ ಗೋಡೆಗೆ ಒರಗಿ ನಿಂತಿತ್ತು, ತಂಬಿಗೆ ಗೋಡೆಯ ಮಾಡದಲ್ಲಿ ಕೂತಿತ್ತು. ನಾನು ನನ್ನ ಮೂಲೆಯಲ್ಲಿ ಅಂಗಾತ ಮಲಗಿ ತೊಲೆಗಳನ್ನು ನೋಡುತ್ತ, ಬಾಗಲಕೋಟೆಯ ವ್ಯಾಪಾರಿಯ ಹಾಗೆ ನಗಲು ಯತ್ನಿಸಿದೆ. ಆದರೆ ಏನೋ ಸರಿ ಇಲ್ಲ ಅನಿಸುತ್ತಿತ್ತು. ಹೊರಗೆ ಓಣಿಯವರು ಒಬ್ಬರಿಗೊಬ್ಬರು ಕೂಗುವುದು, ಮಾಳಿಗೆಯಿಂದ ಮಾಳಿಗೆಗೆ ಹಾರಿ ಬೆಳಕಿಂಡಿಗೆ ಗಡಿಗೆ ಬೋರಲು ಹಾಕುವುದು, ನಗುವುದು ಎಲ್ಲ ಕೇಳುತ್ತಿತ್ತು. ಹಿಂದಾದರೆ ಆ ಕೂಗಿನಲ್ಲಿ ನನ್ನ ಹೆಸರೂ ಇರುತ್ತಿತ್ತು. ಇರಲಿ, ಸುಖ ಹೊಸದು, ರೂಢಿಯಾಗಬೇಕು ಎಂದುಕೊಂಡೆ. ಎರಡು ದಿನ ಕಳೆದ ಮೇಲೆ ಗಂಗವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಅಲ್ರಿ, ಇಮಾಮಣ್ಣನ ಮಗ್ಗದ ಸಪ್ಪಳಾನ ಇಲ್ಲಲ್ರಿ?" ಎಂದಳು. ಆಗ ನನಗೆ ತಿಳಿಯಿತು, ಮನೆಯಲ್ಲಿ ಏನು ಕಡಿಮೆಯಾಗಿದೆ ಎಂದು.

ಹೋಗಿ ನೋಡಿದೆ. ಮಗ್ಗದ ಕುಣಿಯಲ್ಲಿ ಮೊಣಕಾಲುದ್ದ ನೀರು. ಇಮಾಮಸಾಬ ಕೊಡದಿಂದ ಮೊಗೆಮೊಗೆದು ಹೊರಗೆ ಚೆಲ್ಲುತ್ತಿದ್ದ. ಮೇಲಿನಿಂದ ಗೋಡೆಯಗುಂಟ ನೀರು ಹರಿದು ಇಳಿಯುತ್ತಲೇ ಇತ್ತು. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ನೂಲಿನ ಹಾಸಿನ ಅರ್ಧ ಭಾಗಕ್ಕೆ ಚಾಪೆ, ಕೌದಿ ಎಲ್ಲ ಹೊದಿಸಿದ್ದ. ಆದರೂ ಗಂಜಿ ಹಾಕಿದ ನೂಲು ನೆನೆದು ಒಂದಕ್ಕೊಂದು ಹತ್ತಿಕೊಂಡಿತ್ತು, ಸೆರಗಿನ ಕೆಂಪು ರೇಷ್ಮೆಯ ಬಣ್ಣ ಅಂಚಿಗೆ ಇಳಿಯಲು ಸುರುವಾಗಿತ್ತು. ಯಾರದೋ ಮದುವೆಯ ಸೀರೆ ಅದು. ಇನ್ನೂ ಎರಡು ದಿನ ಹೀಗೇ ನೀರು ಬಿದ್ದರೆ ಹಾಸು ಪೂರಾ ಕೆಡುತ್ತದೆ. ಕೆಟ್ಟರೆ ನೂಲು ಕೊಟ್ಟ ಸಾವಕಾರ ಕೆಲಸವನ್ನು ಬೇರೆ ಮಗ್ಗಕ್ಕೆ ಒಯ್ಯುತ್ತಾನೆ, ಆಮೇಲೆ ಈ ಕಡೆ ತಿರುಗಿ ನೋಡುವುದಿಲ್ಲ. ನೇಕಾರನ ಮನೆಯಲ್ಲಿ ಇದಕ್ಕಿಂತ ಹೆಚ್ಚಿನ ಕೇಡು ಯಾವುದು?

"ನಂಗ್ಯಾಕ ಹೇಳಲಿಲ್ಲೋ?" ಎಂದೆ.

"ಏನಂತ ಹೇಳ್ಲಿ? ಈ ವರ್ಷ ನಾನ ಸರಿ ತುಳದಿಲ್ಲ ಕಾಣತೈತಿ," ಎಂದ ಇಮಾಮಸಾಬ. ನಾಚಿಕೆಯಿಂದ ಅವನ ದನಿ ಕುಗ್ಗಿತ್ತು. "ಮನ್ಯಾಗೂ ಅದ ಬೈಗಳ. ನಿನ್ನ ಕಾಲಾಗ ಜೀವ ಇಲ್ಲ ಅಂತಾಳ. ನೀವೂ ಬರಲಿಲ್ಲಲ್ಲ, ಒಂದ ಜೋಡಿ ಕಾಲು ಕಮ್ಮಿ ಬಿತ್ತು."

ಕೊಕ್ಕರೆಯ ಕಾಲನ್ನೂ ಅವನು ಲೆಕ್ಕಕ್ಕೆ ಹಿಡಿದಿದ್ದ! ಕೊಡೆ ಬಿಚ್ಚಿಕೊಂಡು ಮಾಳಿಗೆ ಹತ್ತಿದೆ. ಹತ್ತಿದ್ದು ಅವನ ಮಾಳಿಗೆಯ ಬಿರುಕು ಹುಡುಕಲು. ಕಂಡದ್ದು ನನ್ನ ಗಚ್ಚು. ಬಿದ್ದ ಮಳೆಯ ಒಂದು ಹನಿಯನ್ನೂ ಕುಡಿಯದೆ, ನಮ್ಮ ಮಾಳಿಗೆಯ ನೀರೆಲ್ಲ ಒಂದೇ ಹಾಳೆಯಾಗಿ ಜಾರಿ ಬಂದು ಆ ಕಿಂಡಿಯಿಂದ ಇಮಾಮಸಾಬನ ಮಾಳಿಗೆಯ ಮೇಲೆ ಧುಮುಕುತ್ತಿತ್ತು. ಅವನು ತುಳಿದು ಗಟ್ಟಿ ಮಾಡಿದ ಮಣ್ಣು ಅಲ್ಲಿ ಕೊಚ್ಚಿ ಹೋಗಿ, ಕೆಳಗಿನ ಕಟ್ಟಿಗೆಯ ಜಂತಿ ಬರಿದಾಗಿ ಕಾಣುತ್ತಿತ್ತು. ಹಿಂದೆ ನಮ್ಮ ಮಣ್ಣೂ ಅವನ ಮಣ್ಣೂ ಅಷ್ಟಿಷ್ಟು ಕುಡಿದು, ಉಳಿದದ್ದನ್ನು ತಡೆದು ತಡೆದು ಬಿಡುತ್ತಿದ್ದವು. ಈಗ ನಮ್ಮ ಪಾಲಿನದೂ ಅವನಿಗೇ. ಹೋದ ವರ್ಷವಷ್ಟೇ ಕೆರೂರಿನ ಕಡೆ ಒಬ್ಬ ಮೇಲಿನ ಹೊಲದವನು ತನ್ನ ಒಡ್ಡು ಗಟ್ಟಿ ಮಾಡಿಕೊಂಡು ಕೆಳಗಿನವನ ಜೋಳ ಕೊಚ್ಚಿಸಿದ್ದ. ನಾನು ಅವನನ್ನು ಬಾಂದುಗಲ್ಲಿನ ಹತ್ತಿರ ನಿಲ್ಲಿಸಿ, ಇಳಿಜಾರು ಅಂದರೇನು, ನೆರೆಹೊರೆ ಅಂದರೇನು ಎಂದು ಬಿಸಿಲಿಳಿಯುವವರೆಗೆ ಬುದ್ಧಿ ಹೇಳಿ ಬಂದಿದ್ದೆ. ಅವನು ಆಗಾಗ ತಲೆ ಕೆರೆದುಕೊಳ್ಳುತ್ತಿದ್ದುದನ್ನು ಮೊಂಡುತನ ಎಂದು ತಿಳಿದಿದ್ದೆ. ಪಾಪ, ಈಗ ಮಳೆಯಲ್ಲಿ ನಿಂತು ನಾನೂ ಅದನ್ನೇ ಮಾಡುತ್ತಿದ್ದೆ.

ಕೆಳಗಿಳಿದು ಹೇಳಿದೆ. ಇಮಾಮಸಾಬ ಸಿಟ್ಟಾಗಬೇಕಿತ್ತು. ಅವನು ಕೊಡವನ್ನು ಅಲ್ಲೇ ಬಿಟ್ಟು, ಒಳಗಿನ ಕೋಣೆಯ ಕಡೆ ತಿರುಗಿ, "ಕೇಳೀದ್ಯೇನ? ನನ್ನ ಕಾಲಿನ ತಪ್ಪಲ್ಲಂತ! ಗಚ್ಚಿಂದಂತ!" ಎಂದು ಕೂಗಿದ. ಅವನ ಮುಖದಲ್ಲಿ ಅಷ್ಟು ನೆಮ್ಮದಿ ಕಂಡು ನನಗೆ ಇನ್ನಷ್ಟು ಸಂಕಟವಾಯಿತು.

ಮೊದಲು ನನಗೆ ಹೊಳೆದ ಉಪಾಯ ಕಿಂಡಿ ಮುಚ್ಚುವುದು. ಹಳೆಯ ಧೋತರ, ಜೇಡಿಮಣ್ಣು ತುರುಕಿ ಗಟ್ಟಿಯಾಗಿ ಮುಚ್ಚಿದೆ. ಮಳೆ ನಿಲ್ಲಲಿಲ್ಲ, ನೀರು ಗಚ್ಚಿನ ಮೇಲೆಯೇ ತುಂಬತೊಡಗಿತು. ಸೋರದ ಮಾಳಿಗೆಯಲ್ಲವೇ, ಒಂದು ಹನಿಯೂ ಪೋಲಾಗಲಿಲ್ಲ. ಮರುದಿನ ಮುಂಜಾನೆ ಎಲ್ಲಿಂದ ಬಂತೋ ಒಂದು ಕಪ್ಪೆ ಅದರಲ್ಲಿ ಕೂತು ಒದರುತ್ತಿತ್ತು. ತೊಲೆಗಳು ಭಾರಕ್ಕೆ ನರಳುವ ಸದ್ದು ಕೇಳಿ ನಾನು ನಡುಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಕಟ್ಟೆಗೆ ಬಂದು ಕೂತೆ. "ಕೆರಿ ಕಟ್ಸೂ ಪುಣ್ಯಾ ಎಲ್ಲಾರಿಗೂ ಸಿಗೂದಿಲ್ಲ ಬಿಡ್ರಿ. ಆದ್ರ ಅದು ತಲಿ ಮ್ಯಾಲ ಬೀಳೂಕಿಂತ ಮೊದಲ ಬಿಚ್ಚರಿ," ಎಂದಳು ಗಂಗವ್ವ. ಬಿಚ್ಚಿದರೆ ಎಲ್ಲಿಗೆ ಹೋಗಬೇಕು? ಇಮಾಮಸಾಬನ ಮನೆಗೇ. ಕೊನೆಗೆ ನಾನೂ ಅವನೂ ಸೇರಿ ಕೊಡಗಳಿಂದ ಮೊಗೆದು ಓಣಿಗೆ ಸುರಿದೆವು. ದಾರಿಯಲ್ಲಿ ಹೋಗುತ್ತಿದ್ದವರು ಕತ್ತೆತ್ತಿ ನೋಡಿ, ಮಳೆ ಸಾಲದಾಯಿತೇ ಎಂದು ಕೇಳಿದರು.

ಗೌಂಡಿಯನ್ನು ಕರೆಸಿ, ಓಣಿಯ ಕಡೆಗೇ ಬೇರೆ ದೋಣಿ ಕೂರಿಸಲು ಹೇಳಿದೆ. ಹಸಿಯಲ್ಲಿ ಸುಣ್ಣ ಹಿಡಿಯುವುದಿಲ್ಲ, ಈಗ ಅಂಚು ಒಡೆದರೆ ಗಚ್ಚೇ ಬಿರುಕು ಬಿಡುತ್ತದೆ, ದೀಪಾವಳಿ ಆಗಲಿ ಎಂದ. ದೀಪಾವಳಿಯವರೆಗೆ ಆ ಹಾಸು ಉಳಿಯಬೇಕಲ್ಲ. ಉಳಿದದ್ದು ಒಂದೇ ದಾರಿ. ಅದು ನನಗೆ ಮೊದಲೇ ಹೊಳೆದಿತ್ತು, ಮರ್ಯಾದೆ ಅಡ್ಡ ಬಂದಿತ್ತು. ಮಳೆ ಹೊಳವಾದ ಹೊತ್ತು ನೋಡಿ ಓಣಿಯ ಮನೆಮನೆಗೂ ಹೋದೆ. ಈ ವರ್ಷ ಯಾರ ಮಾಳಿಗೆಗೂ ಕಾಲಿಡದ ನಾನು, ನನ್ನ ಮಾಳಿಗೆ ತುಳಿಯಲು ಬನ್ನಿ ಎಂದು ಕೇಳಬೇಕು. ಕೇಳಿಯೇಬಿಟ್ಟೆ.

"ಗಚ್ಚಿನ ಮ್ಯಾಲ ಮಣ್ಣ?" ಎಂದರು ಎಲ್ಲರೂ.

"ಹೌದ್ರಿ. ನೀರು ತಡದು ಬಿಡಬೇಕು," ಎಂದೆ.

ಒಬ್ಬರೂ ಎರಡನೆಯ ಮಾತು ಕೇಳಲಿಲ್ಲ. ಧೋತರ ಎತ್ತಿ ಕಟ್ಟಿ ಬಂದುಬಿಟ್ಟರು. ಕತ್ತೆಗಳ ಮೇಲೆ ಸವಳು ಮಣ್ಣು ಬಂತು. ಗಂಡಸರು ಮೊದಲು ಇಮಾಮಸಾಬನ ಮಾಳಿಗೆಯ ಗುಂಡಿ ತುಂಬಿ ತುಳಿದರು, ಆಮೇಲೆ ಕಂಚಿನ ತಾಟಿನಂಥ ನನ್ನ ಗಚ್ಚಿನ ಮೇಲೆ ಗೇಣುದ್ದ ಮಣ್ಣು ಸುರಿದರು. ಸುದ್ದಿ ಕೇಳಿ ಗೌಂಡಿ ಓಡಿಬಂದು ಓಣಿಯಲ್ಲೇ ನಿಂತು, "ಸಾಹೇಬ್ರ, ಬೆಲ್ಲಾ ಹಾಕಿ ಮಾಡೇನ್ರಿ ಅದನ್ನ! ಬೆಲ್ಲಾ!" ಎಂದು ಕೂಗಿದ, ಅಳುವುದೊಂದು ಬಾಕಿ. ನಾನು ಕೇಳಿಸದವನಂತೆ ತುಳಿಯುತ್ತಿದ್ದೆ. ಈ ಸಲ ಮಣ್ಣಿಗೆ ನೋವಾದೀತೆಂದು ನೋಡಲಿಲ್ಲ. ಸೊಂಟದವರೆಗೆ ಕೆಸರು ಸಿಡಿಯಿತು. ಇಮಾಮಸಾಬ ನನ್ನನ್ನು ಒಂದು ಗಳಿಗೆ ನೋಡಿ, "ಇವತ್ತ ಕೋಣ ಆಗೀರಿ ನೋಡ್ರಿ," ಎಂದ. ಅದಕ್ಕಿಂತ ದೊಡ್ಡ ಶಾಬಾಸಕಿ ನನಗೆ ಮೋಜಣಿ ಖಾತೆಯಲ್ಲಿ ಸಿಕ್ಕಿಲ್ಲ.

ಸಂಜೆಗೆ ಮತ್ತೆ ಮಳೆ ಹಿಡಿಯಿತು. ನಾನು ನಡುವಿನ ಗೋಡೆಗೆ ಬೆನ್ನು ಕೊಟ್ಟು ಕೂತು ಕಿವಿಗೊಟ್ಟೆ. ಆ ದಿನ ಸದ್ದಿಲ್ಲ. ನೆನೆದ ಹಾಸನ್ನು ಒಣಗಿಸಿ, ಹತ್ತಿಕೊಂಡ ಎಳೆಗಳನ್ನು ಗಂಡಹೆಂಡಿರು ಒಂದೊಂದಾಗಿ ಬಿಡಿಸಿ, ಹರಿದದ್ದನ್ನು ಗಂಟು ಹಾಕುತ್ತಿದ್ದರು. ಮರುದಿನ ಮಧ್ಯಾಹ್ನ ಮಗ್ಗ ಒಂದೆರಡು ಸಲ ತಡವರಿಸಿ, ಆಮೇಲೆ ಎಂದಿನಂತೆ ಬಡಿಯತೊಡಗಿತು. ಬಣ್ಣ ಇಳಿದಿದ್ದ ತುಸು ಅಂಚನ್ನು ಸೀರೆಯ ಒಳಸುತ್ತಿಗೆ ಬರುವಂತೆ ಮಡಿಸಿ ಕೊಟ್ಟನಂತೆ. ಸಾವಕಾರ ಬೈದನಂತೆ, ಆದರೆ ಮುಂದಿನ ಸೀರೆಗೂ ನೂಲು ಕೊಟ್ಟನಂತೆ. ನನಗೆ ಅಷ್ಟು ಸಾಕಾಗಿತ್ತು.

ದೀಪಾವಳಿ ಆಯಿತು. ಗೌಂಡಿ ಬಂದು, ಮಣ್ಣು ತೆಗೆಯೋಣ, ದೋಣಿ ಕೂರಿಸೋಣ ಎಂದ. ನೋಡೋಣ ಎಂದೆ. ಮಣ್ಣಿನ ಮೇಲೆ ಹುಲ್ಲು ಬೆಳೆದಿತ್ತು, ಅದನ್ನು ಮೇಯಲು ಓಣಿಯ ಆಡೊಂದು ಮೆಟ್ಟಿಲು ಹತ್ತುವುದನ್ನು ಕಲಿತಿತ್ತು. ಕೆರೂರಿನಿಂದ ಪರಿಚಯದವರೊಬ್ಬರು ತಾವೂ ಗಚ್ಚು ಮಾಡಿಸಬೇಕೆಂದು ನನ್ನದನ್ನು ನೋಡಲು ಬಂದರು. ಮೇಲೆ ಕರೆದೊಯ್ದೆ. ಸುತ್ತ ನೋಡಿ, "ಗಚ್ಚು ಎಲ್ಲೈತ್ರಿ?" ಎಂದರು. ಹುಲ್ಲಿನ ಕಡೆ ಕೈ ತೋರಿಸಿ, "ಅದರ ತಳಗ," ಎಂದೆ. ಅವರು ಗಚ್ಚಿನ ವಿಚಾರವನ್ನೇ ಬಿಟ್ಟು, ನನ್ನ ಆರೋಗ್ಯದ ಬಗ್ಗೆ ಗಂಗವ್ವನನ್ನು ಕೇಳಿ ಹೋದರು.

ಮತ್ತೆ ಮಿರಗದ ಮುಂಚಿನ ದಿನಗಳು ಬಂದವು. ಈ ವರ್ಷ ನಾನು ಯಾರೂ ಕರೆಯುವ ಮೊದಲೇ ಎದ್ದು ಹೋಗಿ ಎಲ್ಲರ ಮಾಳಿಗೆಯನ್ನೂ ತುಳಿದು ಬಂದೆ. ನಮ್ಮ ಸರದಿಯ ದಿನ ಕೆಲಸ ಮುಗಿದು, ಎಲ್ಲರೂ ಬೆಲ್ಲ ತಿಂದು, ನೀರು ಕುಡಿದು ಹೋದ ಮೇಲೆ ನಾನು ಬಚ್ಚಲಕಲ್ಲಿನ ಮೇಲೆ ಕೂತು ಕಾಲು ತೊಳೆದುಕೊಳ್ಳುತ್ತಿದ್ದೆ. ಗಂಗವ್ವ ಚರಿಗೆಯಿಂದ ನೀರು ಹಾಕುತ್ತಿದ್ದಳು. ಮನಸ್ಸು ತುಂಬಿ ಬಂದಿತ್ತು. ಮನಸ್ಸು ತುಂಬಿದಾಗ ಸುಮ್ಮನಿರುವ ಗುಣ ನನಗೆ ದೇವರು ಕೊಟ್ಟಿಲ್ಲ.

"ನೋಡ, ಓಣ್ಯಾಗ ಎಲ್ಲಾರೂ ತಂತಮ್ಮ ಮನಿ ಸೋರಬಾರದಂತ ಮಣ್ಣು ಹಾಕ್ತಾರ," ಎಂದೆ. "ನಂದು ಗಚ್ಚು, ಮಣ್ಣು ಇಲ್ಲದಿದ್ರೂ ಸೋರಂಗಿಲ್ಲ. ಮಂದಿ ಮನಿ ಸೋರಬಾರದಂತ ತನ್ನ ಮಾಳಗಿಗೆ ಮಣ್ಣು ಹಾಕಾಂವ ಈ ಓಣ್ಯಾಗ ನಾ ಒಬ್ಬಾಂವನ."

ಗಂಗವ್ವ ನೀರು ಹಾಕುವುದನ್ನು ನಿಲ್ಲಿಸಲಿಲ್ಲ.

"ಮಾಳಗಿ ಎಲ್ಲಾ ಕೂಡೇ ಅದಾವಲ್ರಿ. ನಮ್ಮ ಮ್ಯಾಲಿನ ಮನಿಯವರು ಇಷ್ಟ ವರ್ಷ ಮಣ್ಣು ಹಾಕಿ ನೀರು ತಡದಾರಂತ ನಾವು ನಿಮ್ಮ ಮೂಲ್ಯಾಗ ಅಷ್ಟ ಸೋರಸಿಕೊಂಡ ಬಾಳೇ ಮಾಡೇವಿ," ಎಂದಳು. "ಎಲ್ಲಾರೂ ಹಾಕೂದು ಅದಕ್ಕನ. ಇನ್ನೊಂದ ಕಾಲು ಚಾಚರಿ."